ಕಣ್ಣಿಗೆ ಪಟ್ಟಿ, ಕೈಗೆ ಮಣ್ಣು

ಗೋಕಾಕದಲ್ಲಿ ನನ್ನದೊಂದು ತಗಡಿನ ಶೆಡ್ ಇದೆ. ಮಣ್ಣಿನ ಮೂರ್ತಿ ಮಾಡುವುದು ನನ್ನ ಕಸುಬು. ಗಣಪತಿ ಹಬ್ಬದ ಮುಂದೆ ಮೂರು ತಿಂಗಳು ಬರೀ ಗಣಪತಿ. ಉಳಿದ ದಿನ ಯಾರಾದರೂ ಹೇಳಿದರೆ ತೀರಿಹೋದ ಹಿರಿಯರ ಎದೆಮಟ್ಟದ ಮೂರ್ತಿ, ಗುಡಿಗೊಂದು ನಂದಿ, ಶಾಲೆಗೊಂದು ಬಸವಣ್ಣ. 26 ವರ್ಷದಿಂದ ಇದೇ ಕೆಲಸ. ಇಷ್ಟು ವರ್ಷದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದ ಎರಡು ದಿನ. ಅದನ್ನೇ ಬರೆಯುತ್ತಿದ್ದೇನೆ. ಆಮೇಲೆ ಆ ಕತ್ತಲನ್ನು ನಾನೇ ಬೇಕಂತ ಹೇಗೆ ಕೆಲಸಕ್ಕೆ ತಂದುಕೊಂಡೆ ಅನ್ನುವುದನ್ನೂ.

ಮೂರು ವರ್ಷದ ಹಿಂದೆ, ಕಾರ ಹುಣ್ಣಿಮೆ ಆದಮೇಲೆ, ದೊಡ್ಡದೊಂದು ನಂದಿಯ ಕೆಲಸ ಹಿಡಿದಿದ್ದೆ. ಮಣ್ಣು ಏರಿಸುವ ಮುಂಚೆ ಒಳಗೆ ಕಬ್ಬಿಣದ ಸರಳಿನ ಹಂದರ ಬೇಕು. ವೆಲ್ಡಿಂಗ್ ಹುಡುಗ ಅವತ್ತು ಬರಲಿಲ್ಲ. ನಾಲ್ಕೈದು ಕಡೆ ಬೆಸುಗೆ ಹಾಕಿದರೆ ಮುಗೀತಲ್ಲ ಅಂತ ನಾನೇ ಕೈ ಹಾಕಿದೆ. ಕಪ್ಪು ಗಾಜು ಒಂದು ಕೈಯಲ್ಲಿ ಹಿಡಿದರೆ ಸರಳು ಹಿಡಿಯಲು ಕೈ ಸಾಲದು. ಗಾಜನ್ನು ಪಕ್ಕಕ್ಕಿಟ್ಟೆ. ಸಂಜೆವರೆಗೂ ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಎರಡೂ ಕಣ್ಣಿಗೆ ಉಸುಕು ಹಾಕಿ ತಿಕ್ಕಿದ ಹಾಗೆ ಉರಿ. ನೀರು ಸುರಿಯುತ್ತಲೇ ಇತ್ತು. ದೀಪ ಹಾಕಿದರೆ ಸೂಜಿ ಚುಚ್ಚಿದಂತೆ ಆಗುತ್ತಿತ್ತು.

ವೆಲ್ಡಿಂಗ್ ಬೆಳಕಿನಲ್ಲಿ ನೇರಳಾತೀತ ಕಿರಣ ಇರುತ್ತದೆ. ಬಿಸಿಲಿಗೆ ಮೈ ಸುಟ್ಟ ಹಾಗೆ ಅದು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಉರಿ ಶುರುವಾಗುವುದು ಆರೇಳು ತಾಸು ಕಳೆದ ಮೇಲೆ. ಅದಕ್ಕೇ ಹಗಲು ಗೊತ್ತಾಗಲಿಲ್ಲ. ಬೆಳಿಗ್ಗೆ ಡಾಕ್ಟರ್ ಮುಲಾಮು ಹಾಕಿ, ಹತ್ತಿ ಇಟ್ಟು, ಎರಡೂ ಕಣ್ಣು ಕಟ್ಟಿದರು. ‘ಎರಡು ದಿನ ಬಿಚ್ಚಬೇಡಿ, ತಾನೇ ಮಾಯುತ್ತದೆ’ ಅಂದರು. ಮಾಯಿತು ಕೂಡ. ವೆಲ್ಡಿಂಗ್ ಹತ್ತಿರ ಕೆಲಸ ಮಾಡುವ ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ಗಾಜು ಇಲ್ಲದೆ ಒಂದು ಬೆಸುಗೆಯನ್ನೂ ನೋಡಬೇಡಿ.

ಮೊದಲ ದಿನ ಮಂಚದ ಮೇಲೆ ಸುಮ್ನೆ ಕೂತೆ. ಸಂಜೆ ಹೊತ್ತಿಗೆ ಒಂದು ವಿಚಿತ್ರ ಆಯಿತು. ಪಟ್ಟಿಯ ಒಳಗೆ, ಕತ್ತಲಲ್ಲಿ, ಏನೋ ಕಾಣತೊಡಗಿತು. ಮೊದಲು ಚುಕ್ಕಿ. ಆಮೇಲೆ ಜೇನುಹುಟ್ಟಿನ ಹಾಗೆ ಕಣ್ಣುಕಣ್ಣಾದ ಜಾಲರಿ. ಆಮೇಲೆ ಇಳಕಲ್ ಸೀರೆಯ ದಡಿಯಂಥ ಪಟ್ಟಿ, ಎಡದಿಂದ ಬಲಕ್ಕೆ ನಿಧಾನ ಹರಿಯುತ್ತಾ ಹೋಗುತ್ತಿತ್ತು. ನಾನು ನೆನಸಿಕೊಂಡು ನೋಡುತ್ತಿದ್ದದ್ದಲ್ಲ, ಅದು ತಾನೇ ಬರುತ್ತಿತ್ತು. ಕಣ್ಣು ಹೋಯಿತೇನೋ ಎಂದು ಎದೆ ಡವಡವ ಹೊಡೆದುಕೊಂಡಿತು. ಹೆಂಡತಿಗೂ ಹೇಳಲಿಲ್ಲ.

ಎರಡನೇ ದಿನದ ಮರುದಿನವೇ ಮಣ್ಣೆತ್ತಿನ ಅಮಾವಾಸ್ಯೆ. ಓಣಿಯ ಹುಡುಗರು ಕಟ್ಟೆಯ ಮೇಲೆ ಕೂತು ಎತ್ತು ಮಾಡುತ್ತಿದ್ದ ಗದ್ದಲ ಕೇಳಿಸುತ್ತಿತ್ತು. ಹೆಂಡತಿ ಬಂದು ಕೇಳಿದಳು: ‘ರೀ, ವರ್ಷಾ ನಮ್ಮ ಮನಿ ಜೋಡಿ ನೀವ ಮಾಡ್ತೀರಿ. ಈ ಸಲ ಪ್ಯಾಟ್ಯಾಗಿಂದ ತರಸ್ಲೇನು?’

‘ಬ್ಯಾಡ. ಮಣ್ಣು ತಾ ಇಲ್ಲೆ. ಮಾಡಿ ನೋಡ್ತೀನಿ.’

ಎರೆಮಣ್ಣಿನ ಮುದ್ದೆ ತಂದು ಕೈಯಲ್ಲಿಟ್ಟಳು. ಎಷ್ಟೋ ಸಾವಿರ ಸಲ ಹಿಡಿದ ಮಣ್ಣು. ಆದರೆ ಅದು ಎಷ್ಟು ತಣ್ಣಗಿದೆ ಎಂದು ಅವತ್ತೇ ಮೊದಲ ಸಲ ಗಮನಕ್ಕೆ ಬಂದಂತೆ ಅನಿಸಿತು. ಒಳಗೆ ಒಂದು ಸಣ್ಣ ಹರಳು ಸಿಕ್ಕಿತು. ಕಣ್ಣು ಬಿಟ್ಟಿದ್ದರೆ ಅದು ಸಿಗುತ್ತಲೇ ಇರಲಿಲ್ಲ. ಮುದ್ದೆಯನ್ನು ಉದ್ದ ಮಾಡಿದೆ. ಕಾಲು ಎಳೆದೆ. ಹೆಬ್ಬೆರಳಿನಿಂದ ಹೆಗಲ ಮೇಲಿನ ಡುಬ್ಬ ಒತ್ತಿ ಏರಿಸಿದೆ. ಕತ್ತಿನ ಕೆಳಗೆ ಗಂಗೆದೊಗಲು ಎಳೆಯುವಾಗ, ಎಡಗೈ ಬೆರಳು ತಾನಾಗಿ ಆ ಬದಿಗೆ ಹೋಗಿ ಎದುರು ಒತ್ತಿ ಹಿಡಿದಿತ್ತು. ನಾನು ಹೇಳಿರಲಿಲ್ಲ, ಕೈಗೇ ಗೊತ್ತಿತ್ತು.

ಪಟ್ಟಿ ಬಿಚ್ಚಿದ ಮೇಲೆ ಮೊದಲು ಆ ಜೋಡಿ ತರಿಸಿ ನೋಡಿದೆ. ಒಂದರ ಹಿಂಗಾಲು ಗಿಡ್ಡ. ಕೋಡು ಒಂದಕ್ಕೊಂದು ತಾಳೆ ಇಲ್ಲ. ಆದರೆ ಕತ್ತಿನಿಂದ ಬೆನ್ನು ಹಾದು ಬಾಲದ ಬುಡದವರೆಗೆ ಒಂದು ಗೆರೆ ಹರಿದಿತ್ತು ನೋಡಿ, ಅಂಥ ಗೆರೆ ನನ್ನ ಕೈಯಿಂದ ಹಿಂದೆ ಯಾವತ್ತೂ ಬಂದಿರಲಿಲ್ಲ. ಹಿಂದಿನಿಂದ ನೋಡಿದರೂ ಅದು ಎತ್ತೇ. ನನ್ನ ಶೆಡ್ಡಿನ ಮೂರ್ತಿಗಳನ್ನೆಲ್ಲ ಒಮ್ಮೆ ಹಿಂದಿನಿಂದ ಸುತ್ತಿ ನೋಡಿದೆ. ಎಲ್ಲವೂ ಮುಂದಿನಿಂದ ಚೆಂದ. ಹಿಂದೆ ಬರೀ ಮಣ್ಣು ತುಂಬಿದ್ದೆ. ಗಿರಾಕಿ ಮುಂದೆ ನಿಂತು ನೋಡುತ್ತಾನೆ. ನಾನೂ ಮುಂದೆ ನಿಂತೇ ಮಾಡುತ್ತಿದ್ದೆ. ಕಣ್ಣಿಗೆ ಒಂದು ಸಲಕ್ಕೆ ಒಂದೇ ಮಗ್ಗುಲು ಕಾಣುತ್ತದೆ. ಕೈಗೆ ಮುಂದೆ ಹಿಂದೆ ಎರಡೂ ಒಟ್ಟಿಗೆ ಸಿಗುತ್ತದೆ. ಅಷ್ಟು ವರ್ಷ ಕಣ್ಣು ಯಜಮಾನ, ಕೈ ಆಳು ಅಂತ ನಡೆದಿತ್ತು.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಕಂಡ ಜಾಲರಿ, ದಡಿ ಎಲ್ಲ ಬೇರೆಯವರಿಗೂ ಕಂಡಿದೆ ಎಂದು ತಿಳಿದಾಗ ಮನಸ್ಸು ಹಗುರಾಯಿತು. ಅಮೆರಿಕದ ಬಾಸ್ಟನ್‌ನಲ್ಲಿ ಕಣ್ಣು ಚೆನ್ನಾಗಿದ್ದ 13 ಜನರಿಗೆ ಐದು ದಿನ ಕಣ್ಣು ಕಟ್ಟಿ ಇಟ್ಟಿದ್ದರು. ಅದರಲ್ಲಿ 10 ಜನರಿಗೆ ಇಲ್ಲದ್ದು ಕಂಡಿತು. ಇದನ್ನು 2004ರಲ್ಲಿ ಪ್ರಕಟಿಸಿದರು. ಮಿದುಳಿನಲ್ಲಿ ನೋಟದ ಭಾಗಕ್ಕೆ ಹೊರಗಿನಿಂದ ಏನೂ ಬಾರದಿದ್ದರೆ ಅದು ಸುಮ್ಮನಿರುವುದಿಲ್ಲ, ತನ್ನೊಳಗಿಂದಲೇ ಏನಾದರೂ ಹೆಣೆಯುತ್ತದೆ.

ನನ್ನನ್ನು ಕೂತಲ್ಲೇ ಎದ್ದು ನಿಲ್ಲುವಂತೆ ಮಾಡಿದ್ದು ಅದೇ ಬಳಗದವರ ಇನ್ನೊಂದು ಪ್ರಯೋಗ. ಐದು ದಿನ ಕಣ್ಣು ಕಟ್ಟಿ ಬ್ರೈಲ್ ಕಲಿಸಿದರು. ಕಣ್ಣು ಕಟ್ಟಿದವರು, ಕಟ್ಟದೆ ಕಲಿತವರಿಗಿಂತ ಚುಕ್ಕಿಗಳನ್ನು ಬೆರಳಲ್ಲಿ ಚೆನ್ನಾಗಿ ಗುರುತು ಹಿಡಿದರು. ಸ್ಕ್ಯಾನ್ ಮಾಡಿದರೆ, ಬೆರಳು ಮುಟ್ಟುವಾಗ ಮಿದುಳಿನ ನೋಟದ ಭಾಗವೂ ಕೆಲಸ ಮಾಡುತ್ತಿತ್ತು! ಪಟ್ಟಿ ಬಿಚ್ಚಿ ಒಂದು ದಿನ ಕಳೆಯುವಷ್ಟರಲ್ಲಿ ಅದು ಮತ್ತೆ ಮೊದಲಿನಂತಾಯಿತು. ಕಣ್ಣಿನ ಮನೆ ಖಾಲಿ ಇದ್ದಾಗ ಬೆರಳು ಅಲ್ಲಿಗೆ ಬಾಡಿಗೆಗೆ ಬಂದ ಹಾಗೆ. ನನ್ನ ಎತ್ತಿನ ಬೆನ್ನಿನ ಗೆರೆ ಎಲ್ಲಿಂದ ಬಂತು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉತ್ತರ ಸಿಕ್ಕಿಲ್ಲ.

ಹೊರಗಿನದ್ದು ಕಮ್ಮಿಯಾದರೆ ಒಳಗಿನದ್ದು ಏಳುತ್ತದೆ ಅನ್ನುವುದು ಗೋಕಾಕದವನಿಗೆ ಹೊಸದಾಗಬಾರದಿತ್ತು. ಮಳೆಗಾಲದಲ್ಲಿ ನಮ್ಮ ಫಾಲ್ಸ್ ನೋಡಿದ್ದೀರಲ್ವಾ? ಘಟಪ್ರಭೆ 170 ಅಡಿ ಕೆಳಗೆ ಬೀಳುತ್ತದೆ. ದಡದ ಬಂಡೆಯ ಮೇಲೆ ಅರ್ಧ ತಾಸು ಕೂತರೆ ಬೇರೆ ಯಾವ ಸದ್ದೂ ಇಲ್ಲ. ಪಕ್ಕದವನು ಕೂಗಿದರೂ ಕೇಳದು. ಒಂದೇ ಸಮನೆ ಮೊರೆತ. ಸ್ವಲ್ಪ ಹೊತ್ತಿಗೆ ಆ ಮೊರೆತವೂ ಕಿವಿಯಿಂದ ಮಾಯವಾಗುತ್ತದೆ. ಆಗ ಡೊಳ್ಳು ಕೇಳಿಸುತ್ತದೆ, ಯಾರೋ ಹೆಸರು ಹಿಡಿದು ಕರೆದಂತೆ ಆಗುತ್ತದೆ. ಚಿಕ್ಕವನಿದ್ದಾಗ ಇದಕ್ಕಾಗಿಯೇ ಅಲ್ಲಿ ಹೋಗಿ ಕೂರುತ್ತಿದ್ದೆ.

ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದ ಮೊದಲಲ್ಲಿ ಡೊನಾಲ್ಡ್ ಹೆಬ್ ಎಂಬ ಮನಶ್ಶಾಸ್ತ್ರಜ್ಞರ ಕೈಕೆಳಗಿನವರು ಮಾಡಿದ್ದೂ ಹೆಚ್ಚುಕಮ್ಮಿ ಇಂಥದ್ದೇ. ಹುಡುಗರನ್ನು ಸಣ್ಣ ಕೋಣೆಯಲ್ಲಿ ಮಲಗಿಸಿದರು. ಕಣ್ಣಿಗೆ ಮಸುಕು ಕನ್ನಡಕ. ಕೈಗೆ ಗ್ಲೌಸ್, ಮೇಲೆ ರಟ್ಟಿನ ತೋಳು. ಕಿವಿಗೆ ಫ್ಯಾನಿನ ಒಂದೇ ಸದ್ದು. ದಿನಕ್ಕೆ 20 ಡಾಲರ್ ಕೂಲಿ, ಆ ಕಾಲಕ್ಕೆ ಅದು ದೊಡ್ಡ ದುಡ್ಡು. ಆದರೂ ಬಹಳ ಮಂದಿ ಎರಡು ಮೂರು ದಿನಕ್ಕಿಂತ ಜಾಸ್ತಿ ತಡೆಯಲಿಲ್ಲ. ಒಬ್ಬನಿಗೆ ಹೆಗಲಿಗೆ ಚೀಲ ಹಾಕಿಕೊಂಡ ಅಳಿಲುಗಳ ಮೆರವಣಿಗೆ ಕಂಡಿತಂತೆ. ಕೇಳಲು ಚೆಂದ. ಆದರೆ ಆ ಹುಡುಗರಿಗೆ ಸರಿಯಾಗಿ ಯೋಚನೆ ಮಾಡಲಿಕ್ಕೇ ಆಗುತ್ತಿರಲಿಲ್ಲ, ಸಣ್ಣ ಲೆಕ್ಕವೂ ತಪ್ಪುತ್ತಿತ್ತು. ಕತ್ತಲು ಜಾಸ್ತಿ ಆದಷ್ಟೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ಉಪ್ಪಿನ ಹಾಗೆ.

ಇನ್ನೊಂದು ಮಾತನ್ನೂ ನಾನು ಒಪ್ಪುವುದಿಲ್ಲ. ಗದುಗಿನ ಪುಟ್ಟರಾಜ ಗವಾಯಿಗಳ ಬಗ್ಗೆ ‘ಕಣ್ಣಿಲ್ಲದ್ದಕ್ಕೇ ಸಂಗೀತ ಒಲಿಯಿತು’ ಎನ್ನುವವರನ್ನು ಕೇಳಿದ್ದೇನೆ. ಪಂಚಾಕ್ಷರ ಗವಾಯಿಗಳ ಹತ್ತಿರ ವರ್ಷಗಟ್ಟಲೆ ಮಾಡಿದ ಸಾಧನೆ ಎಲ್ಲಿ ಹೋಯಿತು? ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಐವತ್ತು ದಾಟಿದ ಮೇಲೆ ಪೂರ್ತಿ ಕಣ್ಣು ಕಳೆದುಕೊಂಡರು. ಆಮೇಲೆ ಕಾಗದ ಕತ್ತರಿಸಿ ಚಿತ್ರ ಮಾಡಿದರು, 1972ರಲ್ಲಿ ಗೋಡೆಯ ಮೇಲೆ ಹೆಂಚುಬಿಲ್ಲೆಗಳ ದೊಡ್ಡ ಚಿತ್ರ ಮಾಡಿದರು. ಅದು ಅವರ ಕೈಯಲ್ಲಿ ಮೊದಲೇ ಕೂಡಿಟ್ಟಿದ್ದ ಗಂಟು. ಅವರ ಕತ್ತಲು ಬದುಕು. ನನ್ನ ಕತ್ತಲು ಬೇಕೆಂದಾಗ ಬಿಚ್ಚಬಹುದಾದ ಪಟ್ಟಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು.

ನನಗೆ ಹತ್ತಿರ ಅನಿಸುವುದು ಕುಮಾರ ಗಂಧರ್ವರ ಕಥೆ. ಗೋಕಾಕ ರೋಡ್ ಸ್ಟೇಷನ್ನಿನಿಂದ ಬೆಳಗಾವಿಗೆ ಹೋಗುವಾಗ ಸುಳೇಭಾವಿ ಬರುತ್ತದೆ. ಅವರು 1924ರಲ್ಲಿ ಹುಟ್ಟಿದ ಊರು. ಹುಡುಗನಾಗಿದ್ದಾಗಲೇ ಹೆಸರು ಮಾಡಿದ ಗಾಯಕ. ಇಪ್ಪತ್ತು ದಾಟಿದ ಮೇಲೆ ಕ್ಷಯ ಬಂತು. ಹವೆ ಒಳ್ಳೆಯದೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಡಾಕ್ಟರು ಹಾಡಲೇಬಾರದು ಅಂದರು. ವರ್ಷಗಟ್ಟಲೆ ಹಾಸಿಗೆ, ಬಾಯಿಗೆ ಬೀಗ. ಆ ಹೊತ್ತಿನಲ್ಲಿ ಕಿವಿ ಮಾತ್ರ ತೆರೆದಿತ್ತು. ಹಕ್ಕಿ, ಗಾಳಿ, ಬೀದಿಯಲ್ಲಿ ಹಾದುಹೋಗುವವರ ಮಾಳವಾ ಹಾಡು. 1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಹಾಡುವ ರೀತಿಯೇ ಬದಲಾಗಿತ್ತು. ಆ ಜನಪದ ಧಾಟಿಗಳಿಂದಲೇ ಹೊಸ ರಾಗ ಕಟ್ಟಿದರು. ಒಂದು ಬಾಗಿಲು ಮುಚ್ಚಿದ್ದಕ್ಕೆ ಇನ್ನೊಂದರಲ್ಲಿ ಅಷ್ಟೊಂದು ಒಳಗೆ ಬಂತು. ಆದರೆ ಬಂದದ್ದನ್ನು ರಾಗ ಮಾಡಿದ್ದು ಚಿಕ್ಕಂದಿನಿಂದ ಕಲಿತ ವಿದ್ಯೆ.

ಈಗ ನಾನು ಮಾಡುವುದು ಹೇಳುತ್ತೇನೆ.

ಹಳ್ಳಿಯಲ್ಲಿ ನಮ್ಮ ಆಯಿಯ, ಅಂದರೆ ಅಜ್ಜಿಯ, ಹಳೆ ಮನೆ ಇದೆ. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಒಳಗೆ ಜೋಳದ ಚೀಲ ಒಟ್ಟುತ್ತಿದ್ದ ಕೋಣೆ. ಅದಕ್ಕೆ ಕಿಟಕಿ ಇಲ್ಲ, ಮೇಲೆ ಒಂದು ಬೆಳಕಿಂಡಿ ಅಷ್ಟೇ. ಅದಕ್ಕೆ ಗೋಣಿಚೀಲ ತುರುಕುತ್ತೇನೆ. ಬಾಗಿಲನ್ನು ಪೂರ್ತಿ ಹಾಕುವುದಿಲ್ಲ. ಒಂದು ಗೇಣು ಬಿಟ್ಟು, ಹೊರಗೆ ಎರಡು ಪದರ ಕಪ್ಪು ಕಂಬಳಿ ಇಳಿಬಿಡುತ್ತೇನೆ. ಗಾಳಿ ಆಡಲೇಬೇಕು. ನಮ್ಮ ಕಡೆ ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ತೆಗೆದವರಿಗೆ ಇದು ಗೊತ್ತು. ಮುಚ್ಚಿಟ್ಟ ಹಗೇವಿನೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ದೀಪ ಇಳಿಬಿಟ್ಟು, ಆರಿದರೆ ಇಳಿಯಬಾರದು. ಹಾಗೇ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಕತ್ತಲು ಬೇಕು ಅಂತ ಗಾಳಿ ಇಲ್ಲದ ಕಡೆ ಯಾರೂ ಕೂರಬೇಡಿ.

ಮಣ್ಣನ್ನು ಹಿಂದಿನ ದಿನವೇ ನಾದಿ, ಒದ್ದೆ ಬಟ್ಟೆ ಸುತ್ತಿ ಇಟ್ಟಿರುತ್ತೇನೆ. ಒಳಗೆ ಒಂದು ಮಣೆ, ಮಣ್ಣು, ನೀರಿನ ತಂಬಿಗೆ. ಉಪಕರಣ ಬೇಡ, ಬೆರಳು ಸಾಕು. ಮೊಬೈಲು ಹೊರಗೆ. 40 ನಿಮಿಷ ಆದಮೇಲೆ ಮಗಳು ಬಂದು ಬಾಗಿಲು ಬಡಿಯುತ್ತಾಳೆ.

ಮೊದಲ ಹತ್ತು ನಿಮಿಷ ಬರೀ ಸಂತೆ. ಯಾರು ದುಡ್ಡು ಕೊಡಬೇಕು, ಯಾವ ಅಚ್ಚು ಒಡೆದಿದೆ, ಇವೇ. ಆಮೇಲೆ ಹಾಳಾದ ಕಣ್ಣು ಕತ್ತಲಲ್ಲೂ ನೋಡಲು ಹೆಣಗುತ್ತದೆ. ಕಾಲು ತಾಸು, ಇಪ್ಪತ್ತು ನಿಮಿಷಕ್ಕೆ ಚುಕ್ಕಿ, ಬಣ್ಣದ ಮೋಡ. ಮೊದಮೊದಲು ಅದನ್ನೇ ನೋಡುತ್ತಾ ಕೂತುಬಿಡುತ್ತಿದ್ದೆ, ಇದರಿಂದಲೇ ಹೊಸ ಮೂರ್ತಿ ಹುಟ್ಟುತ್ತದೆ ಅಂತ. ಹುಟ್ಟಲಿಲ್ಲ. ಆ ಚುಕ್ಕಿ ಬಣ್ಣ ಬಿಡಿಸಿದರೆ ಬರೀ ರಂಗೋಲಿ. ನನ್ನ ಅನುಭವದಲ್ಲಿ ಅದು ಗುಡಿಯಲ್ಲ, ಗುಡಿಯ ಹೊಸ್ತಿಲು. ಅದನ್ನು ಅದರ ಪಾಡಿಗೆ ಬಿಟ್ಟು ಮಣ್ಣಿಗೆ ಕೈ ಹಾಕಬೇಕು. ಆಗ ಕೈ ಮಾತಾಡುತ್ತದೆ.

ಎರಡು ಸಲ ಕೆಟ್ಟಿದೆ. ಒಮ್ಮೆ ಮೂರು ತಾಸು ಕೂತೆ. ಎರಡನೇ ತಾಸಿನ ಹೊತ್ತಿಗೆ ಯಾರೋ ಹಿಂದೆ ಉಸಿರಾಡುತ್ತಿದ್ದಾರೆ ಅನಿಸಿ ಬೆವರು ಇಳಿಯಿತು. ಆದರೂ ಹಟ ಹಿಡಿದು ಕೂತೆ. ಹೊರಗೆ ಬಂದು ನೋಡಿದರೆ ಮಣ್ಣಿನಲ್ಲಿ ಬರೀ ಬೆರಳು ತೂರಿಸಿದ ತೂತು. ಮೂರು ದಿನ ಕೆಲಸ ಮಾಡಲಾಗಲಿಲ್ಲ. ಇನ್ನೊಮ್ಮೆ ಕಿವಿಗೂ ಹತ್ತಿ ಇಟ್ಟುಕೊಂಡೆ. ನನ್ನ ಎದೆಬಡಿತವೇ ಒನಕೆ ಕುಟ್ಟಿದಂತೆ ಕೇಳಿಸಿ ಬೇರೆ ಏನೂ ಬೇಡವಾಯಿತು. ಹೊರಗಿನ ಕೋಳಿ, ಟ್ರ್ಯಾಕ್ಟರಿನ ಸದ್ದು ಇದ್ದರೇ ನನಗೆ ಒಳ್ಳೆಯದು. ಮುಚ್ಚುವುದು ಒಂದೇ ಬಾಗಿಲು. ಕತ್ತಲಿಗೆ ಅಂಜುವವರನ್ನು, ಮನಸ್ಸು ಮೊದಲೇ ಕಲಕಿದವರನ್ನು ನಾನು ಒಳಗೆ ಕರೆಯುವುದಿಲ್ಲ.

ಉಪ್ಪುನೀರಿನ ತೊಟ್ಟಿಯಲ್ಲಿ ಕತ್ತಲಲ್ಲಿ ತೇಲುವ ಪದ್ಧತಿ ಬೇರೆ ಇದೆ. ಜಾನ್ ಲಿಲ್ಲಿ ಎಂಬ ಅಮೆರಿಕದ ಡಾಕ್ಟರು 1954ರಲ್ಲಿ ಶುರು ಮಾಡಿದ ನೀರಿನ ತೊಟ್ಟಿಯ ಪ್ರಯೋಗದಿಂದ ಬೆಳೆದದ್ದು. ಸಂಗೀತ ಕಲಿಯುವ ಎಂಟು ಜನರನ್ನು ನಾಲ್ಕು ವಾರ, ವಾರಕ್ಕೊಂದು ತಾಸು ಹಾಗೆ ತೇಲಿಸಿದ ಅಧ್ಯಯನ 2011ರಲ್ಲಿ ಬಂತು. ಜಾಜ್‌ನಲ್ಲಿ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರಲ್ಲ, ಅದರ ಮೇಲೆ ನಡೆಸಿದ್ದು. ತೇಲಿದವರು ತೇಲದವರಿಗಿಂತ ತಾಂತ್ರಿಕ ಹಿಡಿತದಲ್ಲಿ ಮುಂದಿದ್ದರು. ಸಣ್ಣ ಗುಂಪು, ದೊಡ್ಡ ಮಾತು ಹೇಳಲಾಗದು. ಆದರೆ ಓದಿದಾಗ ನನ್ನ ಕೋಣೆ ನೆನಪಾಯಿತು. ಕತ್ತಲು ನನಗೆ ಹೊಸ ಕಲ್ಪನೆ ತಂದುಕೊಟ್ಟಿಲ್ಲ. ಕೈಯಲ್ಲಿ ಇದ್ದದ್ದನ್ನು ಹೊರಗೆ ತೆಗೆದಿದೆ.

ಹೋದ ವರ್ಷ ಆಯಿಯ ಮೂರ್ತಿ ಮಾಡಲು ಕೂತೆ. ಗಿರಾಕಿಗಲ್ಲ, ನನಗೆ. ಅವಳದು ಒಂದೇ ಫೋಟೋ ಇದೆ, ಮತದಾರರ ಚೀಟಿಯದು. ಮುಂದಿನಿಂದ ತೆಗೆದದ್ದು, ಸೆರಗು ಹೊದ್ದಿದ್ದಾಳೆ. ಶೆಡ್ಡಿನಲ್ಲಿ ಎರಡು ತಿಂಗಳು ಮಾಡಿದೆ. ಮೂಗು, ಹಣೆ, ಬಾಯಿ ಎಲ್ಲ ಫೋಟೋದ ಹಾಗೇ ಇತ್ತು. ಆಯಿ ಮಾತ್ರ ಇರಲಿಲ್ಲ.

ಕೊನೆಗಾಲಕ್ಕೆ ಆಯಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಮೊಮ್ಮಕ್ಕಳು ಹತ್ತಿರ ಹೋದರೆ ‘ಯಾರಪಾ ಇದು?’ ಅಂತ ತಲೆಯಿಂದ ಕೆಳಗೆ ಸವರುತ್ತಾ ಬರುತ್ತಿದ್ದಳು. ನನ್ನ ನೆತ್ತಿಯ ಸುಳಿ ಸಿಕ್ಕರೆ ಹೆಸರು ಹೇಳುತ್ತಿದ್ದಳು. ರಾತ್ರಿ ನಾನು ಅವಳ ಎಡಕ್ಕೆ ಮಲಗುತ್ತಿದ್ದೆ. ನಿದ್ದೆ ಬರುವವರೆಗೂ ಅವಳ ಕಿವಿಯ ಹಾಲೆ ಹಿಡಿದುಕೊಂಡಿರುತ್ತಿದ್ದೆ. ವಾಲೆಯ ಭಾರಕ್ಕೆ ಜೋತು, ತೂತು ಹರಿದು, ಎರಡು ಎಸಳಾಗಿದ್ದ ಹಾಲೆ. ಮೃದು, ಸ್ವಲ್ಪ ತಣ್ಣಗೆ.

ಅರ್ಧ ಒಣಗಿದ ತಲೆಯನ್ನು ಹಾಗೇ ಕೋಣೆಗೆ ಒಯ್ದೆ. ಕತ್ತಲಲ್ಲಿ ಮುಖ ಮುಟ್ಟಲಿಲ್ಲ. ಎಡಗಿವಿ ಕಿತ್ತು ಹೊಸದಾಗಿ ಮಣ್ಣು ಇಟ್ಟೆ. ಹೆಬ್ಬೆರಳು ತೋರುಬೆರಳ ನಡುವೆ ಆ ಹಾಲೆ ಬಂದಾಗ ಗಂಟಲು ಕಟ್ಟಿತು. ಅದರ ದಪ್ಪ, ಹರಿದ ಅಂಚಿನ ಸಣ್ಣ ಗಂಟು, ಎಲ್ಲ ಬೆರಳಿಗೆ ನೆನಪಿತ್ತು. ನಲವತ್ತು ವರ್ಷದಲ್ಲಿ ನಾನು ಒಮ್ಮೆಯೂ ನೆನೆದಿರಲಿಲ್ಲ. ಬೆಳಕಿಗೆ ತಂದು ಅಳೆದರೆ ಕಿವಿ ಬೇಕಾದ್ದಕ್ಕಿಂತ ದೊಡ್ಡದು. ಮಗುವಿನ ಬೆರಳಿಗೆ ಅದು ಅಷ್ಟು ದೊಡ್ಡದೇ ಇತ್ತಲ್ಲ. ಸಣ್ಣ ಮಾಡಲಿಲ್ಲ. ಕಿವಿ ಬಂದ ಮೇಲೆ ಕೆನ್ನೆ ಎಲ್ಲಿ ತಪ್ಪಿತ್ತು ಎಂದು ಕಂಡಿತು. ಅದನ್ನು ಬೆಳಕಿನಲ್ಲಿ, ಕಣ್ಣು ಬಿಟ್ಟೇ ತಿದ್ದಿದೆ. ಬಲಗಿವಿಯನ್ನೂ ಎಡದ ಹಾಗೇ ಮಾಡಿ ಮುಗಿಸಿದೆ.

ಪಂಚಮಿಗೆ ಅಕ್ಕ ಹುಕ್ಕೇರಿಯಿಂದ ತವರಿಗೆ ಬಂದಳು. ಮೂರ್ತಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನಾನು ಹೇಳದೇ ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ಎರಡೂ ಕಿವಿ ಹಿಡಿದಳು.

‘ತಮ್ಮಾ, ಇದು ನಿನ್ನ ಕಡಿ ಕಿವಿ. ನನ್ನ ಕಡಿ ಕಿವಿ ಹಿಂಗಿರಲಿಲ್ಲ.’

ಹೌದು. ಅವಳು ಆಯಿಯ ಬಲಕ್ಕೆ ಮಲಗುತ್ತಿದ್ದಳು.

ಬಲಗಿವಿ ಕಿತ್ತೆ. ಮಣೆ ಹಾಕಿ, ಬೆಳಕಿಂಡಿಗೆ ಗೋಣಿಚೀಲ ತುರುಕಿ, ಅವಳ ಕೈಗೆ ಮಣ್ಣು ಕೊಟ್ಟೆ. ‘ನನಗೆಲ್ಲಿ ಬರ್ತದೋ, ಎತ್ತು ಮಾಡಿದ್ದ ಬಿಟ್ರ ನಾ ಮಣ್ಣು ಮುಟ್ಟಿಲ್ಲ’ ಅಂದಳು. ಕಂಬಳಿ ಇಳಿಬಿಟ್ಟು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. 40 ನಿಮಿಷಕ್ಕೆ ಬಾಗಿಲು ಬಡಿದೆ. ಒಳಗಿಂದ ‘ಇನ್ನೊಂದೀಟು ತಡಿ’ ಅಂದಳು.